ಹುಡುಗರೇ ತುಂಬಿರೋ ಕ್ಲಾಸಲ್ಲಿ 'ಒಪ್ಪಿಗೆ'ಯ ಪಾಠ: ಕಾನೂನು ಏನು ಹೇಳುತ್ತೆ, ನೋಡ್ತಾ ನಿಂತವರು ಏನು ಮಾಡಬಹುದು? ಪೂರ್ತಿ ಮಾಹಿತಿ ಇಲ್ಲಿದೆ

ಕಳಲೆ: ಬೆಳಗ್ಗೆ ಎಂಟು ಗಂಟೆಗೆ ಕಳಲೆಯಿಂದ ನಂಜನಗೂಡಿಗೆ ಹೋಗೋ ಬಸ್ಸು ಹತ್ತಿ ನೋಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಕಾಲೇಜ್ ಬ್ಯಾಗ್ ಹಾಕಿಕೊಂಡ ಹುಡುಗಿಯರು ಡ್ರೈವರ್ ಸೀಟಿನವರೆಗೂ ನಿಂತಿರ್ತಾರೆ. ಆದ್ರೆ ಬಸ್ಸಿಳಿದು ಕ್ಲಾಸ್ ರೂಮಿಗೆ ಹೋದ ಮೇಲೆ ಲೆಕ್ಕ ಬೇರೆ ಆಗುತ್ತೆ. ಬಿಎ, ಬಿಕಾಂ, ನರ್ಸಿಂಗ್, ಬಿಎಡ್ ಕಡೆ ಹುಡುಗಿಯರು ತುಂಬಿರ್ತಾರೆ. ಐಟಿಐನ ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಟ್ರೇಡ್, ಡಿಪ್ಲೊಮಾ ಮೆಕ್ಯಾನಿಕಲ್, ಆಟೊಮೊಬೈಲ್ ಕಡೆ ಹೋದರೆ ಐವತ್ತು ಹುಡುಗರ ಮಧ್ಯೆ ಒಬ್ಬಳೋ ಇಬ್ಬರೋ.

"ಮೆಕ್ಯಾನಿಕಲ್ ಬೇಡಮ್ಮ, ಅಲ್ಲಿ ಬರೀ ಹುಡುಗ್ರೇ ಇರ್ತಾರೆ" ಅನ್ನೋ ಮಾತು ನಮ್ಮ ಭಾಗದ ಎಷ್ಟು ಮನೆಗಳಲ್ಲಿ ಬಂದು ಹೋಗಿದೆಯೋ ಲೆಕ್ಕ ಇಟ್ಟವರಿಲ್ಲ. ನಂಜನಗೂಡು ಇಂಡಸ್ಟ್ರಿಯಲ್ ಏರಿಯಾದಿಂದ ಕಡಕೊಳದವರೆಗೆ ರಸ್ತೆಯುದ್ದಕ್ಕೂ ಫ್ಯಾಕ್ಟರಿಗಳಿವೆ. ಅಲ್ಲಿ ಬೇಕಾಗಿರೋದು ಇದೇ ಟ್ರೇಡಿನವರು. ಭಯದಿಂದ ಕೋರ್ಸ್ ಬಿಟ್ಟ ಹುಡುಗಿ, ಮನೆ ಹತ್ತಿರದ ಕೆಲಸವನ್ನೂ ಬಿಟ್ಟ ಹಾಗೆ.

ಹಾಗಾಗಿ ಈ ವಿಷಯ ಕಾಲೇಜಿನ ಕಾಂಪೌಂಡ್ ಒಳಗೆ ಮುಗಿಯೋದಲ್ಲ. ಅಪ್ಪ ಅಮ್ಮಂದಿರು, ಕಾಲೇಜ್ ಗೇಟ್ ಎದುರಿನ ಟೀ ಅಂಗಡಿಯವರು, ಜೆರಾಕ್ಸ್ ಅಂಗಡಿಯವರು, ಬಸ್ ಕಂಡಕ್ಟರ್‌ಗಳು ಎಲ್ಲರಿಗೂ ಗೊತ್ತಿರಬೇಕಾದ ಮಾಹಿತಿಯನ್ನ ಒಂದೇ ಕಡೆ ಕೊಡ್ತಾ ಇದ್ದೀವಿ. ಮೊಬೈಲಲ್ಲಿ ಉಳಿಸಿಕೊಳ್ಳಿ.

ಮೊದಲು ನನ್ನ ಕಥೆ, ಚಿಕ್ಕದಾಗಿ

ಇದನ್ನ ಬರೀತಿರೋ ನಾನು ಡಿಗ್ರಿ ಮುಗಿಸಿದವನಲ್ಲ. ಎರಡನೇ ವರ್ಷಕ್ಕೆ ಬಿಟ್ಟೆ. ಕಾಲೇಜಿನ ಹೆಸರು ಬೇಡ. ನಮ್ಮ ಸೆಕ್ಷನ್ನಲ್ಲಿ ನಲವತ್ತಕ್ಕೂ ಹೆಚ್ಚು ಹುಡುಗರು, ನಾಲ್ಕು ಹುಡುಗಿಯರು. ಅವರಲ್ಲಿ ಒಬ್ಬಳು ಲ್ಯಾಬಿಗೆ ಬರ್ತಿದ್ದ ಹಾಗೆ ಹಿಂದಿನ ಬೆಂಚಿಂದ ಒಂದು ಸಿನಿಮಾ ಹಾಡಿನ ಶಿಳ್ಳೆ ಬರೋದು. ಪ್ರತಿ ದಿನ. ಶಿಳ್ಳೆ ಹೊಡೀತಿದ್ದವರು ಇಬ್ಬರೇ. ನಗ್ತಿದ್ದವರು ಹತ್ತು ಹದಿನೈದು ಜನ. ಅದರಲ್ಲಿ ನಾನೂ ಒಬ್ಬ. ಉಳಿದವರು ತಲೆ ಬಗ್ಗಿಸಿ ರೆಕಾರ್ಡ್ ಬರೀತಿದ್ರು.

ಎರಡು ತಿಂಗಳಾದ ಮೇಲೆ ಆಕೆ ಲ್ಯಾಬಿಗೆ ಬರೋದು ನಿಲ್ಲಿಸಿದಳು. ಆಮೇಲೆ ಕಾಲೇಜಿಗೇ ಬರಲಿಲ್ಲ. ಮದುವೆ ಆಯ್ತಂತೆ ಅಂದ್ರು. ಯಾಕೆ ಬಿಟ್ಟಳು ಅಂತ ನಾವು ಯಾರೂ ಕೇಳಲಿಲ್ಲ, ಕೇಳೋ ಮುಖವೂ ಇರಲಿಲ್ಲ. ನಾನು ಶಿಳ್ಳೆ ಹೊಡೆದಿಲ್ಲ ಅಂತ ತುಂಬಾ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆದರೆ ಆ ಇಬ್ಬರಿಗೆ ಧೈರ್ಯ ಬಂದಿದ್ದು ನಮ್ಮ ನಗುವಿಂದ. ಈ ಲೇಖನದ ಅರ್ಧ ಭಾಗ ಇರೋದು ಆ ನಗ್ತಿದ್ದವರಿಗೆ, ತಲೆ ಬಗ್ಗಿಸಿದವರಿಗೆ.

ಒಪ್ಪಿಗೆ ಅಂದ್ರೆ ಏನು?

ಬೈಕಿನ ಕೀ ಲೆಕ್ಕದಲ್ಲಿ ನೋಡೋಣ. ಸ್ನೇಹಿತನ ಬೈಕು ಬೇಕು ಅಂದ್ರೆ ಕೇಳ್ತೀರ. ಅವನು "ತಗೊಂಡ್ ಹೋಗು" ಅಂದ್ರೆ ಮಾತ್ರ ತಗೋತೀರ. ಅವನು ಸುಮ್ಮನಿದ್ದರೆ ಕೊಟ್ಟ ಅಂತಲ್ಲ. ನಿದ್ದೆ ಮಾಡ್ತಿರುವಾಗ ಜೇಬಿಂದ ಕೀ ತೆಗೆದರೆ ಅದು ಕಳ್ಳತನ. ನಂಜನಗೂಡಿಗೆ ಹೋಗಿ ಬರೋಕೆ ಕೊಟ್ಟ ಬೈಕಲ್ಲಿ ಊಟಿಗೆ ಹೋದರೆ ಜಗಳ ಗ್ಯಾರಂಟಿ. ಹೋದ ವಾರ ಕೊಟ್ಟಿದ್ದ ಅಂತ ಈ ವಾರ ಕೇಳದೆ ತಗೊಳ್ಳೋ ಹಾಗಿಲ್ಲ. ಕೊಟ್ಟ ಮೇಲೂ "ಬೇಡ, ವಾಪಸ್ ಕೊಡು" ಅಂದರೆ ಕೊಡಲೇಬೇಕು.

ಒಂದು ಬೈಕಿಗೇ ಇಷ್ಟು ಲೆಕ್ಕ ಇಡೋ ನಾವು, ಒಬ್ಬ ಮನುಷ್ಯಳ ವಿಷಯದಲ್ಲಿ ಇನ್ನೆಷ್ಟು ಇಡಬೇಕು? ಮುಟ್ಟೋದು, ಫೋಟೊ ತೆಗೆಯೋದು, ನಂಬರ್ ತಗೊಳ್ಳೋದು, ಹಿಂದೆ ಹೋಗೋದು, ರಾತ್ರಿ ಮೆಸೇಜ್ ಮಾಡೋದು ಎಲ್ಲದಕ್ಕೂ ಇದೇ ನಿಯಮ.

ಹುಡುಗರಿಗೆ ನೆನಪಿರಲಿ ಅಂತ ಐದು ಸಾಲು:

1. ಕೇಳಿ ಪಡೆದದ್ದು ಮಾತ್ರ ಒಪ್ಪಿಗೆ. ಸುಮ್ಮನಿದ್ದಳು, ನಕ್ಕಳು, ಮಾತಾಡಿಸಿದಳು ಅನ್ನೋದು ಒಪ್ಪಿಗೆ ಅಲ್ಲ.
2. ಹೆದರಿಸಿ, ಸಾಯ್ತೀನಿ ಅಂತ ಬ್ಲೇಡ್ ತೋರಿಸಿ, ಇಂಟರ್ನಲ್ ಮಾರ್ಕ್ಸ್ ಹೆಸರು ಹೇಳಿ ತಗೊಂಡದ್ದು ಒಪ್ಪಿಗೆ ಅಲ್ಲ.
3. ಒಂದಕ್ಕೆ ಹೂಂ ಅಂದರೆ ಎಲ್ಲದಕ್ಕೂ ಹೂಂ ಅಂತಲ್ಲ.
4. ಹೂಂ ಅಂದವರು ಆಮೇಲೆ ಬೇಡ ಅನ್ನಬಹುದು. ಅವತ್ತಿಂದ ಬೇಡ ಅಂದ್ರೆ ಬೇಡ.
5. "ಬೇಡ" ಅಂದಿದ್ದಕ್ಕೆ ಕಾರಣ ಕೇಳೋ ಹಕ್ಕು ಯಾರಿಗೂ ಇಲ್ಲ.

ಸಿನಿಮಾದಲ್ಲಿ ಹೀರೊ ಹಿಂದೆ ಬಿದ್ದು ಬಿದ್ದು ಕೊನೆಗೆ ಹೀರೊಯಿನ್ ಒಪ್ಪಿಕೊಳ್ತಾಳೆ. ನಿಜದಲ್ಲಿ ಹಾಗೆ ಹಿಂದೆ ಬೀಳೋದಕ್ಕೆ ಕಾನೂನಲ್ಲಿ ಬೇರೆ ಹೆಸರಿದೆ. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಬಿವಿಬಿ ಕಾಲೇಜು ಆವರಣದಲ್ಲಿ ಎಂಸಿಎ ವಿದ್ಯಾರ್ಥಿನಿಯನ್ನ ಹಾಡಹಗಲೇ ಚಾಕುವಿನಿಂದ ಇರಿದು ಕೊಂದಿದ್ದು, ಆಕೆಯ ಹಳೇ ಸಹಪಾಠಿಯೇ ಬಂಧನಕ್ಕೊಳಗಾಗಿದ್ದು ರಾಜ್ಯದ ಎಲ್ಲರಿಗೂ ನೆನಪಿದೆ. "ಬೇಡ" ಅನ್ನೋ ಮಾತು ಕೇಳಿಸಿಕೊಂಡು ಸುಮ್ಮನೆ ಹೋಗೋದನ್ನ ನಮ್ಮ ಗಂಡುಮಕ್ಕಳಿಗೆ ಯಾರೂ ಕಲಿಸಿಲ್ಲ. ಮನೆಯಲ್ಲೂ ಇಲ್ಲ, ಸ್ಕೂಲಲ್ಲೂ ಇಲ್ಲ.

ಕಾನೂನಿನಲ್ಲಿ ಏನಿದೆ?

ದೆಹಲಿಯಲ್ಲಿ 2012ರ ಡಿಸೆಂಬರ್ 16ರ ಘಟನೆ ಆದ ಮೇಲೆ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರ ಜನವರಿಯಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಕ್ರಿಮಿನಲ್ ಕಾನೂನು ತಿದ್ದುಪಡಿ ಆಗಿ, 'ಒಪ್ಪಿಗೆ' ಅನ್ನೋದಕ್ಕೆ ಕಾನೂನಿನಲ್ಲೇ ವಿವರಣೆ ಬಂತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ನಲ್ಲಿದೆ. ಅದರ ತಿರುಳು ಇಷ್ಟೇ: ಮಾತಿನಿಂದಲೋ ಸನ್ನೆಯಿಂದಲೋ ಯಾವ ಅನುಮಾನಕ್ಕೂ ಜಾಗ ಇಲ್ಲದ ಹಾಗೆ, ತಾನಾಗೇ ಒಪ್ಪಿದ್ದರೆ ಮಾತ್ರ ಒಪ್ಪಿಗೆ. ಮೈಮೇಲೆ ಬಿದ್ದು ಪ್ರತಿಭಟಿಸಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಒಪ್ಪಿದ್ದಾಳೆ ಅಂತ ಹೇಳೋ ಹಾಗಿಲ್ಲ.

ಹದಿನೆಂಟು ತುಂಬದವರ ವಿಷಯದಲ್ಲಿ ಒಪ್ಪಿಗೆ ಅನ್ನೋ ಮಾತೇ ಬರಲ್ಲ. ಅಲ್ಲಿ 2012ರ ಪೋಕ್ಸೊ ಕಾಯ್ದೆ. ಪಿಯುಸಿ, ಐಟಿಐ, ಡಿಪ್ಲೊಮಾ ಮೊದಲ ವರ್ಷದವರು ಹೆಚ್ಚಿನವರು ಹದಿನೆಂಟರ ಒಳಗೇ ಇರ್ತಾರೆ ಅನ್ನೋದು ಗಮನದಲ್ಲಿರಲಿ.

2024ರ ಜುಲೈ 1ರಿಂದ ಐಪಿಸಿ ಬದಲು ಜಾರಿಗೆ ಬಂದ ನ್ಯಾಯ ಸಂಹಿತೆಯ ಪ್ರಕಾರ, ಕಾಲೇಜು ಮತ್ತು ರಸ್ತೆಯಲ್ಲಿ ಸಾಮಾನ್ಯವಾಗಿ ನಡೆಯೋ ತಪ್ಪುಗಳು ಇವು:

- ಸೆಕ್ಷನ್ 74: ಮಾನಭಂಗದ ಉದ್ದೇಶದಿಂದ ಹಲ್ಲೆ, ಬಲಪ್ರಯೋಗ. 1ರಿಂದ 5 ವರ್ಷ ಜೈಲು, ದಂಡ.
- ಸೆಕ್ಷನ್ 75: ಲೈಂಗಿಕ ಕಿರುಕುಳ. ಬೇಡದ ಸ್ಪರ್ಶ, ಲೈಂಗಿಕ ಬೇಡಿಕೆ, ಇಷ್ಟವಿಲ್ಲದಿದ್ದರೂ ಅಶ್ಲೀಲ ವಿಡಿಯೊ ತೋರಿಸೋದು ಇವಕ್ಕೆ 3 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಅಶ್ಲೀಲ ಕಾಮೆಂಟ್ ಹೊಡೆಯೋದಕ್ಕೆ 1 ವರ್ಷದವರೆಗೆ.
- ಸೆಕ್ಷನ್ 77: ಕದ್ದು ನೋಡೋದು, ಕದ್ದು ವಿಡಿಯೊ ಮಾಡೋದು, ಅದನ್ನ ಹಂಚೋದು. ಮೊದಲ ಸಲ 1ರಿಂದ 3 ವರ್ಷ, ಮತ್ತೆ ಮಾಡಿದರೆ 3ರಿಂದ 7 ವರ್ಷ.
- ಸೆಕ್ಷನ್ 78: ಬೇಡ ಅಂದರೂ ಹಿಂಬಾಲಿಸೋದು, ಪದೇ ಪದೇ ಸಂಪರ್ಕ ಮಾಡೋಕೆ ನೋಡೋದು, ಇನ್‌ಸ್ಟಾಗ್ರಾಂ ವಾಟ್ಸಾಪಲ್ಲಿ ಕಣ್ಣಿಡೋದು. ಮೊದಲ ಸಲ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ.
- ಸೆಕ್ಷನ್ 79: ಹೆಣ್ಣಿನ ಮರ್ಯಾದೆಗೆ ಕುಂದು ತರೋ ಮಾತು, ಸನ್ನೆ, ಶಬ್ದ. 3 ವರ್ಷದವರೆಗೆ.

ನಮ್ಮ ಲ್ಯಾಬಿನ ಶಿಳ್ಳೆಯನ್ನ ನಾವು ತಮಾಷೆ ಅಂದ್ಕೊಂಡಿದ್ವಿ. ಕಾನೂನಿನ ಪುಸ್ತಕದಲ್ಲಿ ಅಂಥದ್ದಕ್ಕೂ ಒಂದು ನಂಬರ್ ಇದೆ ಅಂತ ಗೊತ್ತಾಗಿದ್ದು ವರದಿಗಾರನಾದ ಮೇಲೆ.

ಕಾಲೇಜಿನಲ್ಲಿ ಸಮಿತಿ ಇರಲೇಬೇಕು

ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯೋಕೆ ಹೋದ ಸರ್ಕಾರಿ ಕಾರ್ಯಕರ್ತೆ ಭನ್ವಾರಿ ದೇವಿ ಮೇಲೆ 1992ರಲ್ಲಿ ನಡೆದ ದೌರ್ಜನ್ಯದ ನಂತರ, 1997ರ ಆಗಸ್ಟ್ 13ರಂದು ಸುಪ್ರೀಂ ಕೋರ್ಟ್ ವಿಶಾಖಾ ತೀರ್ಪು ಕೊಟ್ಟಿತು. ಅದರ ಮೇಲೆ ಬಂದದ್ದು 2013ರ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ. ಶಾಲಾ ಕಾಲೇಜು, ತರಬೇತಿ ಸಂಸ್ಥೆಗಳೂ ಇದರಲ್ಲಿ ಸೇರುತ್ತವೆ.

ಕಾಲೇಜುಗಳಿಗೆ ಅಂತಲೇ ಯುಜಿಸಿಯ 2015ರ ನಿಯಮಾವಳಿ ಇದೆ. ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ಕಾಲೇಜುಗಳಿಗೆ ಎಐಸಿಟಿಇಯ 2016ರ ನಿಯಮಾವಳಿ ಇದೆ. ಯುಜಿಸಿ ನಿಯಮದ ಮುಖ್ಯ ಅಂಶಗಳು:

- ಪ್ರತಿ ಕಾಲೇಜಲ್ಲೂ ಆಂತರಿಕ ದೂರು ಸಮಿತಿ ಇರಬೇಕು. ಅಧ್ಯಕ್ಷತೆ ಹಿರಿಯ ಮಹಿಳಾ ಬೋಧಕರದ್ದು.
- ಇಬ್ಬರು ಬೋಧಕರು, ಇಬ್ಬರು ಬೋಧಕೇತರ ಸಿಬ್ಬಂದಿ, ಹೊರಗಿನ ಸ್ವಯಂಸೇವಾ ಸಂಸ್ಥೆಯ ಒಬ್ಬರು. ವಿಷಯ ವಿದ್ಯಾರ್ಥಿಗಳದ್ದಾದರೆ ಮೂವರು ವಿದ್ಯಾರ್ಥಿ ಪ್ರತಿನಿಧಿಗಳು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು.
- ಘಟನೆ ನಡೆದ 3 ತಿಂಗಳೊಳಗೆ ಬರೆದು ದೂರು ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಅವಕಾಶ ಕೊಡಬಹುದು.
- 90 ದಿನದೊಳಗೆ ವಿಚಾರಣೆ ಮುಗಿಯಬೇಕು.
- ಸಮಿತಿ ಸದಸ್ಯರು ಯಾರು, ದೂರು ಎಲ್ಲಿ ಕೊಡಬೇಕು ಅನ್ನೋದನ್ನ ಎಲ್ಲರಿಗೂ ಕಾಣೋ ಹಾಗೆ ತಿಳಿಸಬೇಕು. ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ತಿಳಿವಳಿಕೆ ಕಾರ್ಯಕ್ರಮ ಮಾಡಬೇಕು.

ದೂರು ಕೊಟ್ಟವರ ಹೆಸರು ಹೊರಗೆ ಬಿಡೋ ಹಾಗಿಲ್ಲ. "ಸಾಬೀತಾಗದಿದ್ದರೆ ನಿನ್ನ ಮೇಲೇ ಕೇಸ್ ಆಗುತ್ತೆ" ಅಂತ ಹೆದರಿಸೋರು ಇದ್ದಾರೆ. ಅದು ತಪ್ಪು. ಬೇಕಂತಲೇ ಸುಳ್ಳು ಹೇಳಿದ್ದು ವಿಚಾರಣೆಯಲ್ಲಿ ರುಜುವಾತಾದರೆ ಮಾತ್ರ ಕ್ರಮ. ಸಾಕ್ಷಿ ಸಾಲಲಿಲ್ಲ ಅನ್ನೋದು ಸುಳ್ಳು ದೂರು ಅಂತ ಆಗಲ್ಲ.

ಇನ್ನೊಂದು ಮಾತು. ಮುಖ್ಯವಾಗಿ ತೊಂದರೆ ಆಗೋದು ಹೆಣ್ಣುಮಕ್ಕಳಿಗೇ ಆದರೂ, ಕೆಲವು ಹುಡುಗರು ಮತ್ತು ತೃತೀಯ ಲಿಂಗಿ ವಿದ್ಯಾರ್ಥಿಗಳೂ ಇದಕ್ಕೆ ಗುರಿಯಾಗ್ತಾರೆ ಅಂತ ಯುಜಿಸಿ ನಿಯಮವೇ ಗುರುತಿಸಿದೆ. ನರ್ಸಿಂಗ್ ಕ್ಲಾಸಲ್ಲಿ ಮೂವತ್ತು ಹುಡುಗಿಯರ ಮಧ್ಯೆ ಕೂರೋ ಒಬ್ಬ ಹುಡುಗನನ್ನ ಆಡಿಕೊಳ್ಳೋದು, ಹಾಸ್ಟೆಲಲ್ಲಿ ಜೂನಿಯರ್ ಹುಡುಗನ ಬಟ್ಟೆ ಬಿಚ್ಚಿಸೋದು ಇವೂ ತಮಾಷೆ ಅಲ್ಲ.

ಸಂಖ್ಯೆ ಕಡಿಮೆ ಇದ್ದಾಗ ಯಾಕೆ ಕಷ್ಟ ಜಾಸ್ತಿ?

ಅಮೆರಿಕದ ಸಮಾಜಶಾಸ್ತ್ರಜ್ಞೆ ರೋಸಬೆತ್ ಮಾಸ್ ಕ್ಯಾಂಟರ್ 1977ರಲ್ಲೇ ಕಂಪನಿಗಳಲ್ಲಿ ಇದನ್ನ ಗಮನಿಸಿದ್ದರು. ಒಂದು ಗುಂಪಿನಲ್ಲಿ ಹೆಂಗಸರು ತೀರಾ ಕಮ್ಮಿ ಇದ್ದಾಗ, ಸುಮಾರು 15 ಪರ್ಸೆಂಟಿಗಿಂತ ಕೆಳಗೆ, ಅವರು ಏನು ಮಾಡಿದರೂ ಎಲ್ಲರ ಕಣ್ಣು ಅವರ ಮೇಲೇ ಇರುತ್ತೆ. ಒಬ್ಬಳು ತಪ್ಪು ಮಾಡಿದರೆ "ಹುಡುಗೀರೇ ಹಿಂಗೆ" ಅಂತಾರೆ. ಅವಳು ಅನು, ರಾಧ ಅಂತ ಉಳಿಯಲ್ಲ, 'ಕ್ಲಾಸಿನ ಹುಡುಗಿ' ಆಗಿಬಿಡ್ತಾಳೆ.

ಇದು ದೊಡ್ಡ ಸಂಸ್ಥೆಗಳ ತಲೆನೋವೂ ಹೌದು. ಐಐಟಿಗಳಲ್ಲಿ ಹುಡುಗಿಯರ ಸಂಖ್ಯೆ ಹತ್ತು ಪರ್ಸೆಂಟಿನ ಆಸುಪಾಸಲ್ಲೇ ನಿಂತಿತ್ತು ಅಂತ 2018ರಿಂದ ಅವರಿಗಾಗಿ ಹೆಚ್ಚುವರಿ ಸೀಟು ಕೊಡೋಕೆ ಶುರು ಮಾಡಿದರು. ಆ ವರ್ಷ 14 ಪರ್ಸೆಂಟ್, 2020ಕ್ಕೆ 20 ಪರ್ಸೆಂಟ್ ಗುರಿ. ನಮ್ಮ ಧಾರವಾಡದ ಐಐಟಿಯೂ ಇದರಲ್ಲಿ ಸೇರಿದೆ. ಸೀಟು ಕೊಟ್ಟರೆ ಹುಡುಗಿಯರು ಬರ್ತಾರೆ. ಬಂದವರು ಕೋರ್ಸ್ ಮುಗಿಸಬೇಕು ಅಂದ್ರೆ ಪಕ್ಕದ ಬೆಂಚಿನವರು ಹೇಗಿರ್ತಾರೆ ಅನ್ನೋದು ಮುಖ್ಯ.

ಮೈಸೂರು ಕಲಿಸಿದ ಪಾಠ

2021ರ ಆಗಸ್ಟ್ 24ರ ರಾತ್ರಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅದಾದ ಮೇಲೆ ಮೈಸೂರು ವಿಶ್ವವಿದ್ಯಾನಿಲಯ ಒಂದು ಸುತ್ತೋಲೆ ಹೊರಡಿಸಿತು: ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯಲ್ಲಿ ಒಬ್ಬರೇ ಓಡಾಡಬಾರದು. ತಪ್ಪು ಮಾಡಿದವರು ಬೇರೆ, ನಿರ್ಬಂಧ ನಮಗೆ ಯಾಕೆ ಅಂತ ವಿದ್ಯಾರ್ಥಿನಿಯರು ಕೇಳಿದರು. ಟೀಕೆ ಜೋರಾದ ಮೇಲೆ ಕೆಲವೇ ದಿನದಲ್ಲಿ ಸುತ್ತೋಲೆ ವಾಪಸ್ ಆಯ್ತು.

ಸುತ್ತೋಲೆ ಬರೆದವರ ಉದ್ದೇಶ ಕೆಟ್ಟದಿರಲಿಕ್ಕಿಲ್ಲ. ನಮ್ಮ ಮನೆಗಳಲ್ಲೂ ಮೊದಲು ಬರೋ ಮಾತು ಅದೇ ತಾನೆ: "ಕತ್ತಲಾಗೋದ್ರೊಳಗೆ ಬಂದ್ಬಿಡು ಮಗಾ". ಆದರೆ ಲೆಕ್ಕ ಹಾಕಿ ನೋಡಿ. ಆರೂವರೆಗೆ ಕ್ಯಾಂಪಸ್ ಬಿಡಬೇಕು ಅಂದ್ರೆ ಲೈಬ್ರರಿ ಹೋಯ್ತು, ಲ್ಯಾಬ್ ಹೋಯ್ತು, ಸಂಜೆ ಕೋಚಿಂಗ್ ಹೋಯ್ತು. ಹುಡುಗರಿಗೆ ಏನೂ ಹೋಗಲಿಲ್ಲ, ಏನೂ ಕಲಿತೂ ಇಲ್ಲ. ಹೆಣ್ಣುಮಕ್ಕಳನ್ನ ಒಳಗೆ ಕೂರಿಸೋದಕ್ಕೆ ಬದಲಾಗಿ ಹುಡುಗರಿಗೆ, ಸುತ್ತ ಇರೋರಿಗೆ ಪಾಠ ಹೇಳೋದೇ ಉಳಿದಿರೋ ದಾರಿ.

ಬೆಂಗಳೂರಿನ ಸೃಷ್ಟಿ ಕಲಾ ಸಂಸ್ಥೆಯಲ್ಲಿ ಓದ್ತಿದ್ದ ಜಸ್ಮೀನ್ ಪಥೇಜ 2003ರಲ್ಲಿ ತಮ್ಮ ವಿದ್ಯಾರ್ಥಿ ಪ್ರಾಜೆಕ್ಟ್ ಆಗಿ 'ಬ್ಲಾಂಕ್ ನಾಯ್ಸ್' ಶುರು ಮಾಡಿದರು. ರಸ್ತೆ ಕಿರುಕುಳವನ್ನ 'ಚುಡಾಯಿಸೋದು' ಅಂತ ಹಗುರ ಮಾಡಬೇಡಿ ಅನ್ನೋದು ಅವರ ಮಾತಾಗಿತ್ತು. 2008ರಲ್ಲಿ ಬ್ರೇಕ್‌ಥ್ರೂ ಸಂಸ್ಥೆಯ 'ಬೆಲ್ ಬಜಾವೊ' ಜಾಹೀರಾತು ಟಿವಿಯಲ್ಲಿ ಬಂತು. ಪಕ್ಕದ ಮನೆಯಲ್ಲಿ ಹೆಂಡತಿಗೆ ಹೊಡೀತಿರೋ ಸದ್ದು ಕೇಳಿ ಒಬ್ಬ ಹೋಗಿ ಬೆಲ್ ಒತ್ತುತ್ತಾನೆ, ಏನೋ ಒಂದು ನೆಪ ಹೇಳ್ತಾನೆ ಅಷ್ಟೆ. ಜಗಳ ಇಲ್ಲ, ಭಾಷಣ ಇಲ್ಲ. ನೋಡ್ತಾ ನಿಂತವರು ಮಧ್ಯೆ ಬರೋದು ಅಂದ್ರೆ ಅದೇ.

ಎಲ್ಲರೂ ಇದ್ದಾಗ ಯಾರೂ ಯಾಕೆ ಮಾತಾಡಲ್ಲ?

1968ರಲ್ಲಿ ಅಮೆರಿಕದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಅನ್ನೋ ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಬೇರೆ ರೂಮಲ್ಲಿ ಒಬ್ಬರಿಗೆ ಫಿಟ್ಸ್ ಬಂದ ಹಾಗೆ ಸ್ಪೀಕರಲ್ಲಿ ಕೇಳಿಸಿದರು. ಕೇಳ್ತಿರೋದು ತಾನೊಬ್ಬನೇ ಅಂದ್ಕೊಂಡವರಲ್ಲಿ 85 ಪರ್ಸೆಂಟ್ ಜನ ಸಹಾಯಕ್ಕೆ ಎದ್ದರು. ಇನ್ನೂ ನಾಲ್ಕು ಜನ ಕೇಳ್ತಿದ್ದಾರೆ ಅಂದ್ಕೊಂಡವರಲ್ಲಿ ಎದ್ದವರು 31 ಪರ್ಸೆಂಟ್ ಮಾತ್ರ. ಅವರು ಕೆಟ್ಟವರಲ್ಲ. "ಬೇರೆ ಯಾರಾದ್ರೂ ಹೋಗ್ತಾರೆ ಬಿಡು" ಅಂತ ಪ್ರತಿಯೊಬ್ಬರೂ ಅಂದುಕೊಂಡರು.

ದೊಡ್ಡ ಜಾತ್ರೆಯ ತೇರಿನ ನೂಕುನುಗ್ಗಲಲ್ಲಿ, ತಿ.ನರಸೀಪುರ ಬಸ್ ಸ್ಟ್ಯಾಂಡಲ್ಲಿ, ಚಾಮರಾಜನಗರ ರೈಲಿನ ಬಾಗಿಲಲ್ಲಿ ನಮಗೂ ಆಗೋದು ಇದೇ. ಇದು ಗೊತ್ತಾದರೆ ಅರ್ಧ ಕೆಲಸ ಆದಂತೆ. ಒಬ್ಬರು ಬಾಯಿ ಬಿಟ್ಟರೆ ಸಾಕು, ಹಿಂದೆ ನಾಲ್ಕು ಜನ ಬರ್ತಾರೆ.

ನೋಡ್ತಾ ನಿಂತವರು ಮಾಡಬಹುದಾದ ಐದು ಕೆಲಸ

ಜಗತ್ತಿನ ಬೇರೆ ಬೇರೆ ಕಡೆ ಕಲಿಸೋ ಐದು ದಾರಿಗಳಿವು. ಹೊಡೆದಾಟ ಇದರಲ್ಲಿ ಒಂದೂ ಇಲ್ಲ.

1. ಗಮನ ಬೇರೆ ಕಡೆ ಎಳೆಯೋದು. ಆ ಹುಡುಗಿ ಹತ್ತಿರ ಹೋಗಿ "ಅಕ್ಕಾ, ಮೈಸೂರು ಬಸ್ಸು ಎಷ್ಟೊತ್ತಿಗೆ?" ಅಂತ ಕೇಳಿ. ಕ್ಲಾಸಲ್ಲಾದರೆ "ಏ, ನಿನ್ನನ್ನ ಮೇಡಂ ಕರೀತಾವ್ರೆ" ಅನ್ನಿ. ಕಿರುಕುಳ ಕೊಡ್ತಿರೋನ ಕಡೆ ನೋಡಲೇಬೇಡಿ. ಎಳೆ ಕಡಿದು ಹೋಗುತ್ತೆ.
2. ಬೇರೆಯವರನ್ನ ಕರೆಯೋದು. ಕಂಡಕ್ಟರ್, ಲ್ಯಾಬ್ ಅಸಿಸ್ಟೆಂಟ್, ಲೆಕ್ಚರರ್, ಅಂಗಡಿಯ ಯಜಮಾನರು, ಪೊಲೀಸರು. "ಯಾರಾದ್ರೂ ಬನ್ನಿ" ಅನ್ನಬೇಡಿ. "ಕಂಡಕ್ಟರ್ ಅಣ್ಣ, ನೀವು ಇಲ್ಲಿ ಬನ್ನಿ" ಅಂತ ಒಬ್ಬರನ್ನೇ ಕರೆಯಿರಿ.
3. ದಾಖಲು ಮಾಡೋದು. ಬೇರೆಯವರು ಆಗಲೇ ಸಹಾಯಕ್ಕೆ ಹೋಗಿದ್ದರೆ ವಿಡಿಯೊ ಮಾಡಿ, ಸಮಯ, ಜಾಗ, ಬಸ್ ನಂಬರ್ ಬರೆದಿಡಿ. ಅದನ್ನ ತೊಂದರೆಗೊಳಗಾದವರಿಗೆ ಕೊಡಿ. ಅವರನ್ನ ಕೇಳದೆ ಸ್ಟೇಟಸ್ ಹಾಕೋದು, ಗ್ರೂಪಿಗೆ ಬಿಡೋದು ಬೇಡ. ಒಪ್ಪಿಗೆಯ ನಿಯಮ ನಿಮಗೂ ಇದೆ.
4. ಆಮೇಲೆ ವಿಚಾರಿಸೋದು. ಆ ಹೊತ್ತಿಗೆ ಏನೂ ಮಾಡೋಕಾಗಲಿಲ್ಲ ಅನ್ನಿ. ಮುಗಿದ ಮೇಲೆ ಹೋಗಿ "ನಾನು ನೋಡಿದೆ, ಅವನು ಮಾಡಿದ್ದು ತಪ್ಪು. ದೂರು ಕೊಟ್ರೆ ಸಾಕ್ಷಿ ಹೇಳ್ತೀನಿ" ಅನ್ನಿ. ನಾವು ಆಕೆಗೆ ಇಷ್ಟು ಹೇಳಿದ್ದರೂ ಸಾಕಿತ್ತೇನೋ.
5. ನೇರವಾಗಿ ಹೇಳೋದು. ನಿಮಗೆ ಅಪಾಯ ಇಲ್ಲ ಅನಿಸಿದರೆ ಮಾತ್ರ. ಚಿಕ್ಕದಾಗಿ: "ಮಗಾ, ಸಾಕು ಬಿಡು. ಚೆನ್ನಾಗಿಲ್ಲ." ಸ್ನೇಹಿತ ಸ್ನೇಹಿತನಿಗೆ ಹೇಳಿದರೆ ಕೇಳೋ ಸಾಧ್ಯತೆ ಜಾಸ್ತಿ.

ಹದಿನೆಂಟು ತುಂಬದ ಮಕ್ಕಳ ಮೇಲೆ ಲೈಂಗಿಕ ಅಪರಾಧ ನಡೆದಿದ್ದು ಗೊತ್ತಿದ್ದರೆ, ಪೊಲೀಸರಿಗೆ ತಿಳಿಸೋದು ಇಷ್ಟದ ವಿಷಯ ಅಲ್ಲ, ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ಗೊತ್ತಿದ್ದೂ ತಿಳಿಸದ ದೊಡ್ಡವರಿಗೆ 6 ತಿಂಗಳವರೆಗೆ ಜೈಲು ಆಗಬಹುದು.

ಕಾಲೇಜುಗಳು ಹೇಗೆ ಕಲಿಸಬೇಕು?

ವರ್ಷಕ್ಕೊಂದು ಸಲ ಆಡಿಟೋರಿಯಂನಲ್ಲಿ ಮುನ್ನೂರು ಜನರನ್ನ ಕೂರಿಸಿ, ಅತಿಥಿಗಳಿಗೆ ಶಾಲು ಹೊದಿಸಿ, ಫೋಟೊ ತೆಗೆದು ಕಳಿಸಿದರೆ ಯಾರೂ ಕಲಿಯಲ್ಲ. ಅಂಥ ಕಾರ್ಯಕ್ರಮದ ಪ್ರೆಸ್ ನೋಟ್ ನಾನೇ ಎಷ್ಟೋ ಹಾಕಿದ್ದೀನಿ. ಆಗಬೇಕಿರೋದು ಬೇರೆ:

- ಇಪ್ಪತ್ತು, ಇಪ್ಪತ್ತೈದು ಜನರ ಚಿಕ್ಕ ಗುಂಪು. ಒಂದೇ ದಿನ ಅಲ್ಲ, ಸೆಮಿಸ್ಟರಲ್ಲಿ ನಾಲ್ಕೈದು ಸಲ.
- ಭಾಷಣಕ್ಕಿಂತ ಅಭಿನಯ. "ಬಸ್ಸಲ್ಲಿ ಹಿಂಗಾಯ್ತು, ಈಗ ನೀನೇನ್ ಮಾಡ್ತೀಯ?" ಅಂತ ಮಾಡಿಸಿ ನೋಡೋದು. ಬಾಯಲ್ಲಿ ಒಂದು ಸಲ ಹೇಳಿ ಅಭ್ಯಾಸ ಆದ ಮಾತು ಬೇಕಾದಾಗ ಬರುತ್ತೆ.
- ಕ್ಲಾಸಲ್ಲಿರೋ ಇಬ್ಬರು ಹುಡುಗಿಯರನ್ನ ಎದ್ದು ನಿಲ್ಲಿಸಿ "ನಿಮಗೇನೇನ್ ಕಷ್ಟ ಆಗುತ್ತೆ ಹೇಳಿ" ಅಂತ ಕೇಳಬೇಡಿ. ಅದು ಇನ್ನೊಂದು ಕಷ್ಟ.
- ಹುಡುಗರನ್ನ ಅಪರಾಧಿಗಳ ಥರ ಕೂರಿಸಬೇಡಿ. "ನಿಮ್ಮಲ್ಲಿ ತಪ್ಪು ಮಾಡೋರು ಒಬ್ಬಿಬ್ಬರು. ಉಳಿದವರು ಅವರನ್ನ ತಡೆಯೋರು" ಅಂತ ಶುರು ಮಾಡಿ. 1993ರಲ್ಲಿ ಬೋಸ್ಟನ್ನಿನಲ್ಲಿ ಜಾಕ್ಸನ್ ಕಾಟ್ಜ್ ಕಾಲೇಜು ಆಟಗಾರರ ಜೊತೆ ಶುರು ಮಾಡಿದ ತರಬೇತಿ ನಿಂತಿರೋದೇ ಈ ಮಾತಿನ ಮೇಲೆ. ಹುಡುಗರೇ ಜಾಸ್ತಿ ಇರೋ ಕ್ಲಾಸು ತೊಂದರೆ ಅಂತ ಕಾಣುತ್ತೆ. ಕಲಿಸಿದರೆ ಅಲ್ಲೇ ತಡೆಯೋ ಕೈಗಳೂ ಜಾಸ್ತಿ ಇರುತ್ತೆ.
- ಲೆಕ್ಚರರ್, ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್, ಅಟೆಂಡರ್, ಕಾಲೇಜ್ ಬಸ್ ಡ್ರೈವರ್‌ಗಳಿಗೂ ಇದೇ ಪಾಠ ಆಗಬೇಕು. ಜೋಕ್ ಹೊಡೆಯೋರು ವಿದ್ಯಾರ್ಥಿಗಳು ಮಾತ್ರ ಅಲ್ಲ.

ಅಂಗಡಿಯವರಿಗೆ ನಾಲ್ಕು ಮಾತು

ಕಾಲೇಜು ಗೇಟಿನ ಹತ್ತಿರ ದಿನವಿಡೀ ಕಣ್ಣು ತೆರೆದು ಕೂತಿರೋರು ನೀವೇ.

ರೀಚಾರ್ಜ್‌ಗೆ ಬಂದ ಹುಡುಗಿಯರ ನಂಬರನ್ನ ಎಲ್ಲರಿಗೂ ಕಾಣೋ ಪುಸ್ತಕದಲ್ಲಿ ಬರೆಸಬೇಡಿ. ಜೆರಾಕ್ಸ್‌ಗೆ ಕೊಟ್ಟ ಆಧಾರ್, ಹಾಲ್ ಟಿಕೆಟ್‌ನ ಹಾಳಾದ ಪ್ರತಿಯನ್ನ ಹರಿದು ಹಾಕಿ. ಪೆನ್ ಡ್ರೈವ್, ವಾಟ್ಸಾಪಿಂದ ಪ್ರಿಂಟ್ ತೆಗೆದ ಫೋಟೊಗಳನ್ನ ಸಂಜೆ ಕಂಪ್ಯೂಟರಿಂದ ಅಳಿಸಿ.

ಯಾರೋ ಹಿಂಬಾಲಿಸ್ತಿದ್ದಾರೆ ಅಂತ ಹುಡುಗಿ ಅಂಗಡಿಗೆ ಬಂದು ನಿಂತರೆ ಕೂರಿಸಿ, ನೀರು ಕೊಡಿ, ಮನೆಗೆ ಫೋನ್ ಮಾಡಿಸಿ. "ನೀನ್ಯಾಕಮ್ಮ ಒಬ್ಳೇ ಬಂದೆ" ಅನ್ನೋ ಪ್ರಶ್ನೆ ಬೇಡ.

ನಿಮ್ಮ ಅಂಗಡಿಯಲ್ಲೇ ಹೆಣ್ಣುಮಕ್ಕಳು ಕೆಲಸಕ್ಕಿದ್ದರೆ 2013ರ ಕಾಯ್ದೆ ನಿಮಗೂ ಅನ್ವಯ. ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದರೆ ಆಂತರಿಕ ಸಮಿತಿ ಮಾಡಬೇಕು, ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಮ್ಮಿ ಇದ್ದರೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಕೆಲಸದವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ಪ್ರತಿ ತಾಲೂಕಿಗೂ ಒಬ್ಬ ನೋಡಲ್ ಅಧಿಕಾರಿ ಇರಬೇಕು, ಅವರು ದೂರನ್ನ 7 ದಿನದೊಳಗೆ ಸಮಿತಿಗೆ ಕಳಿಸಬೇಕು ಅನ್ನೋದು ಕಾಯ್ದೆಯಲ್ಲಿದೆ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಅಪ್ಪ ಅಮ್ಮಂದಿರಿಗೆ

ಮಗಳನ್ನ ಸೇರಿಸೋಕೆ ಹೋದಾಗ ಫೀಸು, ಹಾಸ್ಟೆಲ್, ಪ್ಲೇಸ್‌ಮೆಂಟ್ ಕೇಳ್ತೀರ. ಜೊತೆಗೆ ಇನ್ನು ಮೂರು ಪ್ರಶ್ನೆ ಕೇಳಿ: ಆಂತರಿಕ ದೂರು ಸಮಿತಿಯ ಬೋರ್ಡ್ ಎಲ್ಲಿ ಹಾಕಿದ್ದೀರ? ಅದರಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳು ಯಾರು? ಹುಡುಗರಿಗೆ ಈ ವಿಷಯದ ತರಗತಿ ವರ್ಷಕ್ಕೆ ಎಷ್ಟು ಸಲ ಮಾಡ್ತೀರ? ಮಗನನ್ನ ಸೇರಿಸೋಕೆ ಹೋದಾಗಲೂ ಇದೇ ಮೂರು ಕೇಳಿ.

ಮಗಳು ಬಂದು ಏನಾದರೂ ಹೇಳಿದ ದಿನ "ನಾಳೆಯಿಂದ ಕಾಲೇಜ್ ಬೇಡ" ಅನ್ನಬೇಡಿ. ಹಾಗಂದರೆ ಮುಂದಿನ ಸಲ ಅವಳು ಹೇಳೋದೇ ಇಲ್ಲ.

ನೆನಪಿಟ್ಟುಕೊಳ್ಳಿ: ಸಹಾಯವಾಣಿ

- ತುರ್ತು ಸಹಾಯ, ಪೊಲೀಸ್: 112
- ಮಹಿಳಾ ಸಹಾಯವಾಣಿ: 181
- ಮಕ್ಕಳ ಸಹಾಯವಾಣಿ: 1098
- ಸೈಬರ್ ಅಪರಾಧ: 1930
- ರ‍್ಯಾಗಿಂಗ್ ವಿರೋಧಿ ಸಹಾಯವಾಣಿ: 1800-180-5522

ಘಟನೆ ಯಾವ ಠಾಣೆ ವ್ಯಾಪ್ತಿಯದ್ದೇ ಆಗಿರಲಿ, ಯಾವ ಪೊಲೀಸ್ ಠಾಣೆಯಲ್ಲಾದರೂ ದೂರು ಕೊಡಬಹುದು. ಮೈಸೂರಲ್ಲಿ ಆದದ್ದಕ್ಕೆ ನಂಜನಗೂಡಿನಲ್ಲೂ, ಬಸ್ಸಲ್ಲಿ ಆದದ್ದಕ್ಕೆ ತಿ.ನರಸೀಪುರದಲ್ಲೂ ಕೊಡಬಹುದು. "ನಮ್ಮ ಲಿಮಿಟ್ ಅಲ್ಲ" ಅಂತ ವಾಪಸ್ ಕಳಿಸೋ ಹಾಗಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಇದಕ್ಕೇ ಇದೆ.

ಅತ್ಯಾಚಾರಕ್ಕೆ ಒಳಗಾದವರ ಹೆಸರು, ಗುರುತು ಸಿಗೋ ಮಾಹಿತಿ ಪ್ರಕಟಿಸಿದರೆ 2 ವರ್ಷದವರೆಗೆ ಜೈಲು. ಇದು ಪೇಪರಿನವರಿಗೆ ಮಾತ್ರ ಅಲ್ಲ, ವಾಟ್ಸಾಪ್ ಗ್ರೂಪಲ್ಲಿ ಫಾರ್ವರ್ಡ್ ಮಾಡೋರಿಗೂ ಎಚ್ಚರಿಕೆ.

ನಾಳೆ ಬೆಳಗ್ಗೆ ಎಂಟರ ಬಸ್ಸಲ್ಲಿ, ಒಂಬತ್ತರ ಲ್ಯಾಬಲ್ಲಿ ಯಾರಾದರೂ ಶಿಳ್ಳೆ ಹೊಡೆದರೆ, ನಗಬೇಡಿ. ಮೊದಲ ದಿನ ಅಷ್ಟು ಮಾಡಿದರೂ ಸಾಕು. ಎರಡನೇ ದಿನ ಬಾಯಿ ತಾನಾಗೇ ಬರುತ್ತೆ.